ಬೆನ್ನಿನ ಹಲಗೆ



ಬರ್ಮಿಂಗ್‌ಹ್ಯಾಮ್ ಇರಲಿ, ಮ್ಯಾಂಚೆಸ್ಟರ್ ಇರಲಿ, ಲೀಡ್ಸ್ ಇರಲಿ, ಇಲ್ಲಿನ ಕನ್ನಡದ ಮನೆಗಳಲ್ಲಿ ಒಂದು ಸಾಮಾನು ಸಾಮಾನ್ಯವಾಗಿ ಇದ್ದೇ ಇರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿ ಹಲಗೆಗಳಾಗಿ ಬಂದು, ಮನೆಯವರ ಕೈಯಲ್ಲೇ ಎದ್ದು ನಿಂತ ಪುಸ್ತಕದ ಕಪಾಟು ಅದು. ವಿಮಾನದ ತೂಕಕ್ಕೆ ಹೆದರಿಕೊಂಡೇ ಊರಿನಿಂದ ತಂದ ಕುವೆಂಪು, ಕಾರಂತ, ಭೈರಪ್ಪ ಎಲ್ಲರೂ ಅದರಲ್ಲೇ ಬಿಡಾರ ಹೂಡಿರುತ್ತಾರೆ. ಅಗ್ಗದ ಸಾಮಾನು ಎಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಅದರಲ್ಲಿ ಒಂದು ಕುಶಲ ವಿದ್ಯೆ ಕಾಣುತ್ತದೆ. ಅರ್ಧ ಕುಶಲತೆ ಕಾರ್ಖಾನೆಯದು, ಉಳಿದರ್ಧ ಜೋಡಿಸುವವರದು.

ಈ ಸೀಮೆಗೂ ಈ ಕಪಾಟಿಗೂ ಹಳೆಯ ನಂಟು. ಸ್ವೀಡನ್ನಿನ ಐಕಿಯಾ ಬ್ರಿಟನ್ನಿನಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದು ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ನಡುವಿನ ವಾರಿಂಗ್‌ಟನ್ನಿನಲ್ಲಿ, 1987ರ ಅಕ್ಟೋಬರ್‌ನಲ್ಲಿ. ಬರ್ಮಿಂಗ್‌ಹ್ಯಾಮ್ ಮಗ್ಗುಲಿನ ವೆಡ್ನೆಸ್‌ಬರಿಗೆ ಅದು 1991ರಲ್ಲಿ ಬಂತು, ಲೀಡ್ಸ್ ಹತ್ತಿರದ ಬರ್ಸ್ಟಾಲ್‌ಗೆ 1995ರಲ್ಲಿ. ಗಿಲ್ಲಿಸ್ ಲುಂಡ್‌ಗ್ರೆನ್ ರೂಪಿಸಿದ 'ಬಿಲ್ಲಿ' ಎಂಬ ಕಪಾಟು ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಇಲ್ಲಿನ ಮನೆಗಳನ್ನು ನೋಡಿದರೆ ಅದು ಯಾಕೆ ಒಗ್ಗಿತು ಎಂದು ತಿಳಿಯುತ್ತದೆ. ಲೀಡ್ಸ್‌ನ ಹೇರ್‌ಹಿಲ್ಸ್‌ನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಳೆಯ ಇಟ್ಟಿಗೆಮನೆಗಳ ಸಾಲುಗಳಿವೆ. ಅಲ್ಲಿ ಮೆಟ್ಟಿಲು ಕಡಿದು, ತಿರುವು ಇಕ್ಕಟ್ಟು. ಆಳೆತ್ತರದ ಸಿದ್ಧ ಕಪಾಟನ್ನು ಮೇಲಿನ ಕೋಣೆಗೆ ಸಾಗಿಸುವುದು ದೊಡ್ಡ ಸಾಹಸ. ಬಿಡಿ ಹಲಗೆಗಳಾದರೆ ಒಬ್ಬರೇ ಒಂದೊಂದಾಗಿ ಹೊತ್ತು ಏರಬಹುದು.

ಈಗ ಕೀಲಿನ ಮಾತು. ಒಂದು ಹಲಗೆಗೆ ಬೋಲ್ಟು, ಇನ್ನೊಂದರ ಗುಳಿಯಲ್ಲಿ ದುಂಡನೆಯ ಲೋಹದ ಬಿಲ್ಲೆ. ಇದೇ ಕ್ಯಾಮ್ ಲಾಕ್. ಬಿಲ್ಲೆಯ ಒಳಗೆ ಓರೆಯಾಗಿ ಕೊರೆದ ದಾರಿಯಿದೆ. ಸ್ಕ್ರೂಡ್ರೈವರ್‌ನಿಂದ ಸುಮಾರು ಅರ್ಧ ಸುತ್ತು ತಿರುಗಿಸಿದರೆ ಅದು ಬೋಲ್ಟಿನ ತಲೆಯನ್ನು ಕಚ್ಚಿ ತನ್ನತ್ತ ಎಳೆಯುತ್ತದೆ. ಎರಡೂ ಹಲಗೆಗಳನ್ನು ಮೊದಲು ಕೈಯಿಂದ ಒತ್ತಿ ಸಂದು ಮುಚ್ಚಬೇಕು, ಆಮೇಲೆ ಬಿಲ್ಲೆ ತಿರುಗಿಸಬೇಕು. ಸಂದು ಬಿಟ್ಟು ಬಿಲ್ಲೆಯ ಬಲದಿಂದಲೇ ಎಳೆಸಹೋದರೆ ಸುತ್ತಲಿನ ಚಿಪ್‌ಬೋರ್ಡ್ ಪುಡಿಯಾಗುತ್ತದೆ. ಅದು ಮರದ ಚೂರುಗಳನ್ನು ಅಂಟಿನಲ್ಲಿ ಅದುಮಿ ಮಾಡಿದ ಹಲಗೆ. ಮೇಲ್ಮೈ ಗಟ್ಟಿ, ಹೊಟ್ಟೆ ಸಡಿಲ. ಕ್ಯಾಮ್ ಕೆಲಸ ಎಳೆದು ಹಿಡಿಯುವುದಷ್ಟೇ. ಹಲಗೆ ಜಾರದಂತೆ ಭಾರ ಹೊರುವುದು ಪಕ್ಕದಲ್ಲಿರುವ ಮರದ ಗೂಟ.

ಆ ಗೂಟಕ್ಕೆ ಅಂಟು ಹಚ್ಚಬೇಕೇ? ಸ್ವಂತ ಮನೆಯಾದರೆ ಖಂಡಿತ ಹಚ್ಚಿ, ಕೀಲು ಅಲುಗುವುದಿಲ್ಲ. ಆದರೆ 1983ರಲ್ಲಿ ಇಲ್ಲಿನ ಕನ್ನಡಿಗರ ಸಂಘವಾದ ಕನ್ನಡ ಬಳಗವನ್ನು ಕಟ್ಟಿದ ತಲೆಮಾರಿನಿಂದ ಇವತ್ತಿನವರೆಗೆ ನಮ್ಮಲ್ಲಿ ವೈದ್ಯರು ಬಹಳ, ತರಬೇತಿಯ ವರ್ಷಗಳಲ್ಲಿ ಅವರು ಆಸ್ಪತ್ರೆಯಿಂದ ಆಸ್ಪತ್ರೆಗೆ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುತ್ತಲೇ ಇರುತ್ತಾರೆ. ಅಂಥವರು ಅಂಟು ಹಾಕಿದರೆ ಕಪಾಟು ಮತ್ತೆ ಬಿಡಿಯಾಗುವುದಿಲ್ಲ. ಅವರಿಗೆ ಅಂಟು ಬೇಡ; ಬೆನ್ನಿನ ಹಲಗೆಗೆ ಮೊಳೆಯ ಬದಲು ಸಣ್ಣ ಸ್ಕ್ರೂ ಹಾಕಿಕೊಂಡರೆ ಸಾಕು.

ಬೆನ್ನಿನ ಹಲಗೆ ಎಂದೆನಲ್ಲ, ಕಪಾಟಿನ ಜೀವ ಇರುವುದೇ ಅಲ್ಲಿ. ಕೆಲವೇ ಮಿಲಿಮೀಟರ್ ದಪ್ಪದ ಆ ತೆಳು ಹಾಳೆಯನ್ನು ಅಲಂಕಾರವೆಂದು ತಿಳಿದು ನಾಲ್ಕು ಮೊಳೆಗೆ ಮುಗಿಸಿಬಿಡುತ್ತಾರೆ. ಅದಿಲ್ಲದಿದ್ದರೆ ಚೌಕಟ್ಟು ಎಡಕ್ಕೋ ಬಲಕ್ಕೋ ವಾಲುತ್ತದೆ, ವಾಲಿದಾಗಲೆಲ್ಲ ಕೀಲು ಸಡಿಲವಾಗುತ್ತದೆ. ಕಪಾಟನ್ನು ಮುಂಭಾಗ ಕೆಳಗೆ ಮಾಡಿ ಮಲಗಿಸಿ ಟೇಪು ಹಿಡಿಯಿರಿ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಅಳೆಯಿರಿ, ಆಮೇಲೆ ಇನ್ನೊಂದು ಕರ್ಣ. ಎರಡೂ ಒಂದೇ ಬರುವವರೆಗೆ ಉದ್ದ ಬಂದ ಕರ್ಣದ ಮೂಲೆಗಳನ್ನು ಒಳಕ್ಕೆ ಒತ್ತಿ, ಅಲುಗದಂತೆ ಹಿಡಿದು, ಅಂಚಿನುದ್ದಕ್ಕೂ ಒತ್ತೊತ್ತಾಗಿ ಮೊಳೆ ಹೊಡೆಯಿರಿ. ಈ ಕೆಲಸಕ್ಕೆ ಅವಸರ ಸಲ್ಲದು. ಹಳೆಯ ಮನೆಗಳ ನೆಲ ಮಟ್ಟವಾಗಿರುವುದು ಅಪರೂಪ, ನಿಲ್ಲಿಸಿದ ಮೇಲೆ ಕುಂಟುವ ಮೂಲೆಗೆ ತೆಳ್ಳನೆಯ ಚಕ್ಕೆ ಕೊಡಿ. ಪುಸ್ತಕ ತುಂಬಿದ ಕಪಾಟನ್ನು ಎಂದೂ ಎಳೆಯಬೇಡಿ.

ಸ್ಕ್ರೂ ತೂತು ಅಗಲವಾಗಿದ್ದರೆ ಕಪಾಟು ಎಸೆಯಬೇಕಿಲ್ಲ. ತೂತಿಗೆ ಮರದ ಅಂಟು ಬಿಟ್ಟು, ತಲೆ ಮುರಿದ ಬೆಂಕಿಕಡ್ಡಿಗಳನ್ನು ಬಿಗಿಯಾಗಿ ತುರುಕಿ, ಒಂದು ರಾತ್ರಿ ಒಣಗಲು ಬಿಡಿ. ಮರುದಿನ ಅದೇ ಸ್ಕ್ರೂ ಕಚ್ಚಿ ಹಿಡಿಯುತ್ತದೆ.

ಅಡ್ಡಹಲಗೆ ಬಾಗುವುದಕ್ಕೆ ಲೆಕ್ಕವಿದೆ. ಒಂದೇ ದಪ್ಪದ ಹಲಗೆ, ಉದ್ದಕ್ಕೂ ಒಂದೇ ಒತ್ತಿನ ಪುಸ್ತಕ ಎಂದಿಟ್ಟುಕೊಳ್ಳಿ: 80 ಸೆಂಟಿಮೀಟರ್ ಅಗಲದ ಕಪಾಟಿನಲ್ಲಿ ಬಾಗುವುದಕ್ಕೆ ಹೋಲಿಸಿದರೆ 40 ಸೆಂಟಿಮೀಟರಿನದರಲ್ಲಿ ಬಾಗು ಹದಿನಾರನೇ ಒಂದು ಪಾಲು ಮಾತ್ರ. ಆದ್ದರಿಂದ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳಿರುವ ಪುಣ್ಯವಂತರು ಅವನ್ನು ಕಿರಿದಾದ ಕಪಾಟಿನಲ್ಲಿ, ತಳದ ಹಲಗೆಯಲ್ಲಿ ಇಡಲಿ. ಬಾಗಿದ ಹಲಗೆಯನ್ನು ಆಗಾಗ ಮಗುಚಿ ಹಾಕಿದರೆ ಇನ್ನಷ್ಟು ಕಾಲ ಬರುತ್ತದೆ. ತೇವವಂತೂ ಚಿಪ್‌ಬೋರ್ಡಿಗೆ ಶತ್ರು. ಒಮ್ಮೆ ಉಬ್ಬಿದ ಅಂಚು ಮೊದಲಿನಂತಾಗುವುದಿಲ್ಲ, ಚಳಿಗಾಲದಲ್ಲಿ ಬೆವರುವ ಹೊರಗೋಡೆಗೂ ಕಪಾಟಿಗೂ ನಡುವೆ ಗಾಳಿಯಾಡಲು ಜಾಗ ಬಿಡಿ.

ಕೊನೆಯದಾಗಿ ಒಂದು ಕೋರಿಕೆ. ಎತ್ತರದ ಕಪಾಟನ್ನು ಗೋಡೆಗೆ ಬಿಗಿಯುವ ಪಟ್ಟಿ ಪೆಟ್ಟಿಗೆಯಲ್ಲೇ ಬಂದಿರುತ್ತದೆ, ಎಷ್ಟೋ ಮನೆಗಳಲ್ಲಿ ಅದು ಡ್ರಾಯರಿನಲ್ಲಿ ಉಳಿದುಬಿಡುತ್ತದೆ. ಮಕ್ಕಳು ಅಡ್ಡಹಲಗೆಗಳನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಆಗ ಕಪಾಟು ಮುಂದಕ್ಕೆ ಮಗುಚಿ ಮೇಲೆ ಬೀಳುತ್ತದೆ. ಇಟ್ಟಿಗೆಗೋಡೆಯಾದರೆ ರಾಲ್‌ಪ್ಲಗ್ ಹಾಕಿ ಸ್ಕ್ರೂ ಬಿಗಿಯಿರಿ. ಪ್ಲಾಸ್ಟರ್‌ಬೋರ್ಡ್ ಗೋಡೆಯಾದರೆ ಒಳಗಿನ ಮರದ ಕಂಬ ಹುಡುಕಿ ಅದಕ್ಕೇ ಬಿಗಿಯಿರಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕೇಳಿ, ಆದರೆ ಕೇಳುವುದನ್ನು ಮುಂದೂಡಬೇಡಿ. ಈ ವಾರಾಂತ್ಯದಲ್ಲೇ ಆ ಪಟ್ಟಿಯನ್ನು ಹುಡುಕಿ ಹಾಕಿಬಿಡಿ.