ಕನ್ನಡದಲ್ಲೇ ಬರೆದು ಕೊಡಿ, ರಸೀದಿ ತಗೊಳ್ಳಿ

(ಹಿಂದೂಪುರ, ಕಲ್ಯಾಣದುರ್ಗ ಭಾಗದ ಕನ್ನಡ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದಿ, ನಿಮ್ಮೂರಿನ ರೈತರಿಗೂ ಓದಿ ಹೇಳಿ.)



ನಾನು ಬ್ಯಾಂಕ್ ಗುಮಾಸ್ತ. ಭಾಷೆ ಬಗ್ಗೆ ದೊಡ್ಡ ಭಾಷಣ ಮಾಡೋಕೆ ಬಂದಿಲ್ಲ, ದುಡ್ಡಿನ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ಆದರೆ ನಮ್ಮ ಕಡೆ ಈ ಎರಡೂ ಬೇರೆ ಬೇರೆ ಅಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಆ ಕಡೆ ಹೋಯ್ತು, ನಾವು ಈ ಕಡೆ ಉಳಿದ್ವಿ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ತೆಲುಗಿನವರು ನಮ್ಮ ನೆರೆಯವರು, ನೆಂಟರು. ನಮಗೆಲ್ಲ ತೆಲುಗು ಮಾತಾಡೋಕೆ ಬರುತ್ತೆ. ಆದರೆ ಕನ್ನಡ ಶಾಲೆಯಲ್ಲಿ ಓದಿದ ರೈತನಿಗೆ ತೆಲುಗು ಕಾಗದ ಓದೋಕೆ ಬರಲ್ಲ. ನಷ್ಟ ಆಗೋದು ಅಲ್ಲೇ.

ಮೊದಲು ನಮಗೆ ಏನು ಬರಬೇಕು ಅಂತ ನೋಡೋಣ. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. 2025ರ ಆಗಸ್ಟ್‌ನಿಂದ ರಾಜ್ಯದ ಅನ್ನದಾತ ಸುಖೀಭವ ಯೋಜನೆಯಲ್ಲಿ 14,000. ಒಟ್ಟು 20,000. ಹನಿ ನೀರಾವರಿಗೆ ಸಣ್ಣ ರೈತರಿಗೆ ಸಬ್ಸಿಡಿ ಇದೆ. ಬದು, ಕೃಷಿ ಹೊಂಡಕ್ಕೆ ಉದ್ಯೋಗ ಖಾತ್ರಿ ಇದೆ. ಮುಂಗಾರಿಗೆ ಮುಂಚೆ ನವಧಾನ್ಯ ಬಿತ್ತಿ ನೆಲ ಮುಚ್ಚೋ ಪ್ರಕೃತಿ ಕೃಷಿಗೆ ಸರ್ಕಾರದ ರೈತು ಸಾಧಿಕಾರ ಸಂಸ್ಥೆಯವರು ಸಹಾಯ ಮಾಡ್ತಾರೆ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳೋ ಸೀಮೆಗಳಲ್ಲಿ ನಮ್ಮದೂ ಒಂದು. ಇಲ್ಲಿ ನೆಲದ ತೇವ ಉಳಿಸೋ ಕೆಲಸ ಬೆಳೆಯಷ್ಟೇ ಮುಖ್ಯ.

ಇದೆಲ್ಲ ಇದ್ದೂ ನಮ್ಮವರ ಕೈಗೆ ಯಾಕೆ ಬರಲ್ಲ? ನಾನು ಕೌಂಟರ್‌ನಲ್ಲಿ ಕೂತು ನೋಡಿದ ಕಾರಣ ಹೇಳ್ತೀನಿ.

ಒಂದು, ಹೆಸರು. ತೆಲುಗಿನವರು ಮೊದಲು ಮನೆತನದ ಹೆಸರು ಬರೀತಾರೆ, ಆಮೇಲೆ ಸ್ವಂತ ಹೆಸರು. ನಮ್ಮಲ್ಲಿ ಹಾಗಿಲ್ಲ. ಹಾಗಾಗಿ ಪಾಸ್ ಪುಸ್ತಕದಲ್ಲಿ ಒಂದು ಥರ, ಆಧಾರ್‌ನಲ್ಲಿ ಒಂದು ಥರ, ಖಾತೆಯಲ್ಲಿ ಇನ್ನೊಂದು ಥರ. ಕಂಪ್ಯೂಟರ್‌ಗೆ ಇವರು ಮೂರು ಜನ. ಮೂರು ಕಾಗದವನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಿ, ಕಂತು ಬರೋ ಮುಂಚೆನೇ ಸರಿ ಮಾಡಿಸಿ.

ಎರಡು, ಖಾತೆ. ಸಬ್ಸಿಡಿ ಹಣ ನೀವು ಕೊಟ್ಟ ಖಾತೆ ನಂಬರಿಗೇ ಬರುತ್ತೆ ಅಂತ ಇಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಗಡಿ ಆ ಕಡೆ ಪಾವಗಡದಲ್ಲೋ ಗೌರಿಬಿದನೂರಲ್ಲೋ ಖಾತೆ ತೆಗೆದು ಆಧಾರ್ ಕೊಟ್ಟಿದ್ರೆ, ಹಣ ಅಲ್ಲಿ ಬಿದ್ದಿರುತ್ತೆ. ನಾವು ಇಲ್ಲಿ ಬಂದಿಲ್ಲ ಅಂತ ಓಡಾಡ್ತೀವಿ.

ಮೂರು, ಎಲ್ಲಕ್ಕಿಂತ ದೊಡ್ಡದು, ಈ-ಕ್ರಾಪ್. ಹೊಲದಲ್ಲಿ ಏನು ಬೆಳೆ ಇದೆ ಅಂತ ರೈತು ಸೇವಾ ಕೇಂದ್ರದವರು ಫೋಟೋ ಸಮೇತ ನಮೂದು ಮಾಡ್ತಾರೆ. ಬೆಳೆ ಹಾಳಾದಾಗ ಪರಿಹಾರ, ವಿಮೆ, ಬೆಂಬಲ ಬೆಲೆ ಎಲ್ಲಕ್ಕೂ ಇದೇ ಆಧಾರ. ಆಮೇಲೆ ಪಟ್ಟಿಯನ್ನು ಕೇಂದ್ರದಲ್ಲಿ ಅಂಟಿಸ್ತಾರೆ, ತಪ್ಪಿದ್ರೆ ಹೇಳಿ ಅಂತ. ಪಟ್ಟಿ ಇರೋದು ತೆಲುಗಿನಲ್ಲಿ. ವೇರುಶನಗ ಅಂದ್ರೆ ಕಡಲೆಕಾಯಿ, ಬರೀ ಶನಗ ಅಂದ್ರೆ ಕಡಲೆ. ಕಂದಿ ಅಂದ್ರೆ ತೊಗರಿ. ಅಡಂಗಲ್ ಅಂದ್ರೆ ಪಹಣಿ. ಕೌಲು ಅಂದ್ರೆ ಗುತ್ತಿಗೆ. ವಿಡತ ಅಂದ್ರೆ ಕಂತು. ಒಂದು ಪದ ತಪ್ಪಾಗಿ ಬಿದ್ರೆ, ಮಳೆ ಕೈಕೊಟ್ಟ ವರ್ಷ ನಿಮ್ಮ ಕಡಲೆಕಾಯಿಗೆ ಲೆಕ್ಕವೇ ಇರಲ್ಲ. ಓದೋಕೆ ಬರೋ ಮಕ್ಕಳನ್ನು ಕರ್ಕೊಂಡು ಹೋಗಿ, ಸರ್ವೆ ನಂಬರ್, ಎಕರೆ, ಬೆಳೆ ಮೂರೂ ನೋಡಿಸಿ.

ಗುತ್ತಿಗೆಗೆ ಮಾಡೋರಿಗೆ ಒಂದು ಮಾತು. 2019ರ ಕಾಯ್ದೆ ಪ್ರಕಾರ ಸಿಸಿಆರ್‌ಸಿ ಕಾರ್ಡ್ ಸಿಗುತ್ತೆ, 11 ತಿಂಗಳ ಅವಧಿಗೆ. ಭೂಮಾಲೀಕರ ಸಹಿ ಬೇಕು. ಜಮೀನು ಕೈ ತಪ್ಪುತ್ತೆ ಅಂತ ಮಾಲೀಕರು ಹೆದರ್ತಾರೆ. ಅವರ ಹಕ್ಕಿಗೆ ಅದರಿಂದ ಏನೂ ಆಗಲ್ಲ ಅಂತ ಬಿಡಿಸಿ ಹೇಳಿ.

ಈಗ ಮುಖ್ಯ ವಿಷಯ. ಇಷ್ಟೆಲ್ಲ ಮಾಡಿದ ಮೇಲೂ ಅನ್ಯಾಯ ಆದ್ರೆ ಏನು ಮಾಡಬೇಕು? ಸಂವಿಧಾನದ 350ನೇ ವಿಧಿ ಓದಿ. ಕುಂದುಕೊರತೆ ಪರಿಹಾರಕ್ಕಾಗಿ ಯಾವ ಅಧಿಕಾರಿಗಾದರೂ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಮನವಿ ಕೊಡೋ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕನ್ನಡ ಇಲ್ಲಿ ಬಳಕೆಯಲ್ಲಿಲ್ಲ ಅಂತ ಯಾರು ಹೇಳೋಕಾಗುತ್ತೆ? ಯೋಜನೆಯ ಫಾರಂ ಅವರ ನಮೂನೆಯಲ್ಲೇ ತುಂಬಬೇಕು, ಸರಿ. ಆದರೆ ದೂರು ಕನ್ನಡದಲ್ಲಿ ಕೊಡಬಹುದು. ಸೋಮವಾರದ ಅಹವಾಲು ಸಭೆಗೆ ಪುಟ್ಟಪರ್ತಿಗೋ ಅನಂತಪುರಕ್ಕೋ ಹೋದಾಗ ಒಂದು ಪುಟ ಬರ್ಕೊಂಡು ಹೋಗಿ: ಹೆಸರು, ಊರು, ಸರ್ವೆ ನಂಬರ್, ಯಾವ ಯೋಜನೆ, ಏನು ಬಂದಿಲ್ಲ. ಎರಡು ಪ್ರತಿ ಮಾಡಿ. ರಸೀದಿ ಇಲ್ಲದೆ ವಾಪಸ್ ಬರಬೇಡಿ.

ಇನ್ನೊಂದು. ಒಂದು ಜಿಲ್ಲೆ ಅಥವಾ ತಾಲೂಕಿನಲ್ಲಿ ಶೇ. 15ರಷ್ಟು ಜನ ಆಡೋ ಭಾಷೆಗೆ ಮುಖ್ಯ ನಿಯಮ, ಪ್ರಕಟಣೆಗಳನ್ನು ಅನುವಾದ ಮಾಡಿ ಹಾಕಬೇಕು ಅಂತ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ವ್ಯವಸ್ಥೆ ಹೇಳುತ್ತೆ. ಅದನ್ನು ನೋಡ್ಕೊಳ್ಳೋಕೆ 350 ಬಿ ವಿಧಿಯಲ್ಲಿ ವಿಶೇಷ ಅಧಿಕಾರಿ ಹುದ್ದೆಯೂ ಇದೆ. ಆ ಲೆಕ್ಕ ಬರೋದು ಜನಗಣತಿಯಿಂದ. ಗಣತಿಯವರು ಮಾತೃಭಾಷೆ ಕೇಳಿದಾಗ "ಏನೋ ಒಂದು ಬರ್ಕೊಳ್ಳಿ ಸಾರ್" ಅನ್ನಬೇಡಿ. ಕನ್ನಡ ಅಂತ ಹೇಳಿ, ಕನ್ನಡ ಅಂತಲೇ ಬರೆದ್ರಾ ನೋಡಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಕನ್ನಡ ಹಳ್ಳಿಗಳ ರೈತು ಸೇವಾ ಕೇಂದ್ರದಲ್ಲಿ ಬೆಳೆ ಪಟ್ಟಿ ಮತ್ತು ಯೋಜನೆಗಳ ವಿವರ ಕನ್ನಡದಲ್ಲೂ ಇರಲಿ. ಒಂದು ಹಾಳೆ ಹೆಚ್ಚು, ಅಷ್ಟೇ. ಅದನ್ನು ಹಾಕೋವರೆಗೂ ನಾವು ಕೂತು ಕಾಯೋದು ಬೇಡ. ಪ್ರತಿ ಊರಿನಲ್ಲಿ ಎರಡೂ ಲಿಪಿ ಓದೋಕೆ ಬರೋ ಇಬ್ಬರು ಹುಡುಗರೋ ಹುಡುಗಿಯರೋ ಮುಂದೆ ಬರಲಿ. ಈ-ಕ್ರಾಪ್ ಪಟ್ಟಿ ಅಂಟಿಸಿದ ದಿನ ಅದನ್ನು ಊರಿನ ಅರಳಿಕಟ್ಟೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ.

ಯಾರು ಸಿದ್ಧ ಇದ್ದೀರೋ, ಇವತ್ತೇ ಹೆಸರು ಕೊಟ್ಟು ಹೋಗಿ. ಜೈ ಕನ್ನಡಾಂಬೆ.