ನಾಗಪುರದ ಎರಡು ಸಭೆಗಳು
(ಉಪಾಧ್ಯಾಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ಕಾರ್ಮಿಕರ ಸಂಘವೆಂದರೇನೆಂಬದನ್ನು ತಮ್ಮಂಥ ತಿಳಿದವರಿಗೆ ವಿವರಿಸಬೇಕಾದ ಅವಶ್ಯವಿಲ್ಲ. ಒಂದು ಗಿರಣಿಯ ನೇಕಾರರೋ ಒಂದು ರೇಲ್ವೆ ಕಾರ್ಖಾನೆಯ ಕಮ್ಮಾರರೋ ತಮ್ಮ ಕೂಲಿಗಾಗಿಯೂ ತಮ್ಮ ಮಾನಕ್ಕಾಗಿಯೂ ಒಟ್ಟುಗೂಡಿದರೆ ಅದು ಸಂಘ. ಅದರ ಕೆಲಸವು ಕಣ್ಣಿಗೆ ಕಾಣುವಂಥದು. ಆದರೆ ಇಂಥ ಅನೇಕ ಸಂಘಗಳು ಕೂಡಿ ಕಟ್ಟಿಕೊಂಡ ಸಂಘಗಳ ಸಂಘವೊಂದು ಉಂಟಷ್ಟೆ, ಅದು ಮಾಡುವದೇನು? ಅದಕ್ಕೆ ಗಿರಣಿಯಿಲ್ಲ; ಎದುರಿಗೆ ನಿಂತ ಮಾಲಕನಿಲ್ಲ. ಅದು ಸಭೆ ಸೇರುತ್ತದೆ, ಠರಾವು ಮಾಡುತ್ತದೆ, ಅಲ್ಲಿಲ್ಲಿಗೆ ಪ್ರತಿನಿಧಿಗಳನ್ನು ಕಳಿಸುತ್ತದೆ. ಬರಿಯ ಮಾತಿನ ಮನೆಯೆಂದು ಅದನ್ನು ಹಳಿಯುವವರೂ ಉಂಟು. ಈ ಮಾತಿನ ಮನೆಯ ಬೆಲೆಯೆಷ್ಟು, ಅದು ನಿಂತಿರುವದು ಯಾತರ ಮೇಲೆ, ಕುಸಿಯುವದು ಯಾತರಿಂದ ಎಂಬದನ್ನು ನಮ್ಮ ದೇಶದ ಇಂಥ ಮೊದಲನೆಯ ಮಹಾಸಂಘವಾದ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಮೊದಲ ಇಪ್ಪತ್ತು ವರ್ಷಗಳ ಚರಿತ್ರೆಯಿಂದ ತೋರಿಸಬೇಕೆಂಬದು ನನ್ನ ಉದ್ದೇಶವು.

ಆ ಮಹಾಸಂಘದ ಹುಟ್ಟಿಗೆ ಒಂದು ಕುರ್ಚಿಯು ಕಾರಣವಾಯಿತೆಂದರೆ ತಮಗೆ ಸೋಜಿಗವೆನಿಸೀತು. ಮೊದಲನೆಯ ಮಹಾಯುದ್ಧವು ಮುಗಿದ ಬಳಿಕ 1919ರ ವರ್ಸೇಲ್ಸ್ ಒಡಂಬಡಿಕೆಯ ಮೇರೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸ್ಥಾಪಿತವಾಯಿತು. ಅದರ ಪರಿಷತ್ತಿನಲ್ಲಿ ಪ್ರತಿಯೊಂದು ರಾಷ್ಟ್ರಕ್ಕೆ ನಾಲ್ಕು ಸ್ಥಾನಗಳು: ಎರಡು ಸರಕಾರಕ್ಕೆ, ಒಂದು ಮಾಲಕರಿಗೆ, ಒಂದು ಕಾರ್ಮಿಕರಿಗೆ. ಕಾರ್ಮಿಕರ ಪ್ರತಿನಿಧಿಯನ್ನು ಸರಕಾರವು ತನ್ನ ಮನಸ್ಸಿಗೆ ಬಂದಂತೆ ನೇಮಿಸತಕ್ಕದ್ದಲ್ಲ. ಆಯಾ ದೇಶದ ಕಾರ್ಮಿಕರನ್ನು ಎಲ್ಲಕ್ಕೂ ಹೆಚ್ಚಾಗಿ ಪ್ರತಿನಿಧಿಸುವ ಸಂಸ್ಥೆಯ ಒಪ್ಪಿಗೆಯಿಂದಲೇ ನೇಮಿಸಬೇಕೆಂದು ಒಡಂಬಡಿಕೆಯು ವಿಧಿಸಿತ್ತು. ಹಿಂದುಸ್ಥಾನದಲ್ಲಿ ಅಂಥ ಸಂಸ್ಥೆಯಾದರೂ ಎಲ್ಲಿತ್ತು? ಆದಕಾರಣ ಅದೇ ವರ್ಷ ವಾಶಿಂಗ್ಟನ್ನಿನಲ್ಲಿ ಕೂಡಿದ ಮೊದಲನೆಯ ಪರಿಷತ್ತಿಗೆ ಭಾರತ ಸೇವಕ ಸಮಾಜದ ಶ್ರೀ ಎನ್. ಎಂ. ಜೋಶಿಯವರನ್ನು ಸರಕಾರವೇ ಆರಿಸಿ ಕಳಿಸಿತು. ಜೋಶಿಯವರ ಯೋಗ್ಯತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಮುಂಬಯಿಯ ಕೂಲಿಕಾರರ ಕೇರಿಗಳಲ್ಲಿ ವರ್ಷಗಟ್ಟಲೆ ಸೇವೆ ಮಾಡಿದವರು ಅವರು. ಆದರೆ ಅವರ ಕೈಯಲ್ಲಿದ್ದ ಸನದು ಮಾತ್ರ ಕೂಲಿಕಾರನು ಕೊಟ್ಟದ್ದಾಗಿರಲಿಲ್ಲ.

ಅಲ್ಲಿ ತೀರ್ಮಾನವಾದ ಸಂಗತಿಯೇನು ಅಲ್ಪವೇ? ದಿನಕ್ಕೆ ಎಂಟು, ವಾರಕ್ಕೆ ನಾಲ್ವತ್ತೆಂಟು ತಾಸಿನ ದುಡಿಮೆಯೆಂದು ಜಗತ್ತಿಗೆ ನಿಯಮವಾಯಿತು. ಆದರೆ ಹಿಂದುಸ್ಥಾನಕ್ಕೆ ಅರವತ್ತು ತಾಸು ಎಂದು ಬೇರೆಯ ಅಳತೆಯಾಯಿತು. 1922ರಲ್ಲಿ ತಿದ್ದಿದ ಕಾರ್ಖಾನೆಗಳ ಕಾಯಿದೆಯಲ್ಲಿ ಆ ಅರವತ್ತು ತಾಸುಗಳೇ ಬಂದು ಕುಳಿತವು. ಲಕ್ಷಾಂತರ ಜನರ ದಿನಮಾನವನ್ನು ದೂರದ ಮೇಜೊಂದರ ಮುಂದೆ ಅಳೆಯುವಾಗ ಅಲ್ಲಿ ಕುಳಿತವನನ್ನು ಯಾರು ಕಳಿಸಿದರೆಂಬ ಪ್ರಶ್ನೆಯು ಬರಿಯ ಮರ್ಯಾದೆಯ ಪ್ರಶ್ನೆಯಲ್ಲ. ಅದು ಅನ್ನದ ಪ್ರಶ್ನೆ, ನಿದ್ದೆಯ ಪ್ರಶ್ನೆ.

ಈ ಅರಿವು ಮೂಡಿದೊಡನೆ, 1920ನೆಯ ಅಕ್ಟೋಬರ 31ರಂದು ಮುಂಬಯಿಯಲ್ಲಿ ಮಹಾಸಂಘದ ಮೊದಲನೆಯ ಅಧಿವೇಶನವು ಕೂಡಿತು. ಲಾಲಾ ಲಜಪತರಾಯರು ಅಧ್ಯಕ್ಷರು. ಅವರು ಅಮೇರಿಕೆಯಿಂದ ಮರಳಿ ಇನ್ನೂ ವರ್ಷವಾಗಿರಲಿಲ್ಲ. ಆ ದೇಶದಲ್ಲಿ ಅವರ ಒಡನೆ ದುಡಿದವರಲ್ಲಿ ನಮ್ಮ ಹುಬ್ಬಳ್ಳಿಯ ಡಾಕ್ಟರ ಹರ್ಡೀಕರರೂ ಒಬ್ಬರೆಂಬದನ್ನು ಇಲ್ಲಿ ನೆನೆಯುವದು ಉಚಿತವು.

ಇನ್ನು ಇಂಥ ದೊಡ್ಡ ಸಂಘದ ಕೆಲಸದ ರೀತಿಯನ್ನು ನೋಡೋಣ. 1918ರ ಏಪ್ರಿಲಿನಲ್ಲಿ ಮದ್ರಾಸಿನ ಗಿರಣಿಗಾರರು ಶ್ರೀ ಬಿ. ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಸಂಘವೊಂದನ್ನು ಕಟ್ಟಿದರು. 1920ರಲ್ಲಿ ಗಿರಣಿಯವರಿಗೂ ಅವರಿಗೂ ಕಲಹವುಂಟಾದಾಗ ಮಾಲಕರು ಹೈಕೋರ್ಟಿಗೆ ಹೋಗಿ, ಕೂಲಿಕಾರರು ಕರಾರು ಮುರಿಯುವಂತೆ ಪ್ರೇರಿಸಬಾರದೆಂದು ಸಂಘದ ಮುಂದಾಳುಗಳ ಮೇಲೆ ತಡೆಯಾಜ್ಞೆಯನ್ನು ತಂದರು. ಕೆಲಸ ನಿಲ್ಲಿಸಿರೆಂದು ಹೇಳುವ ಬಾಯಿಗೇ ಬೀಗ ಬಿದ್ದರೆ ಸಂಘವು ಇದ್ದೂ ಇಲ್ಲದ ಹಾಗೆ. ಈ ಕಷ್ಟವನ್ನು ಮದ್ರಾಸಿನ ಒಂದು ಸಂಘವು ತಾನೊಂದೇ ಕಳೆದುಕೊಳ್ಳುವಂತಿರಲಿಲ್ಲ. ಏಕೆಂದರೆ ಅದು ಒಬ್ಬ ಮಾಲಕನ ಮೊಂಡತನವಾಗಿರದೆ ದೇಶದ ಕಾನೂನಿನ ದೋಷವಾಗಿತ್ತು. 1921ರ ಮಾರ್ಚಿನಲ್ಲಿ ಜೋಶಿಯವರು ಕೇಂದ್ರದ ಶಾಸನಸಭೆಯಲ್ಲಿ, ಕಾರ್ಮಿಕ ಸಂಘಗಳ ನೋಂದಣಿಗೂ ರಕ್ಷಣೆಗೂ ಕಾಯಿದೆಯಾಗಬೇಕೆಂದು ಠರಾವು ತಂದರು. 1926ರಲ್ಲಿ ಕಾಯಿದೆಯಾಯಿತು; 1927ರ ಜೂನ್ 1ರಿಂದ ಜಾರಿಗೆ ಬಂದಿತು. ಏಳು ಜನರು ಕೂಡಿದರೆ ಸಂಘವನ್ನು ನೋಂದಿಸಬಹುದೆಂದು ಅಂದಿನ ಆ ಕಾಯಿದೆಯಲ್ಲಿತ್ತು. ನೋಂದಿಸಿದ ಸಂಘದ ಮುಂದಾಳುಗಳ ಮೇಲೆ ಅಂಥ ದಾವೆಯೂ ಒಳಸಂಚಿನ ಆರೋಪವೂ ನಿಲ್ಲುವದಿಲ್ಲವೆಂದು ಅದು ವಿಧಿಸಿತು. ಒಂದು ಊರಿನ ಸಂಘಕ್ಕೆ ಬಿದ್ದ ಪೆಟ್ಟು ಎಲ್ಲ ಊರಿನ ಸಂಘಗಳಿಗೆ ಗುರಾಣಿಯಾಯಿತು. ಗೋಕಾಕದ ಗಿರಣಿಯವನಿಗೂ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯವನಿಗೂ ಅದೇ ಆಸರೆಯಾಯಿತು. ಈ ಜೋಶಿಯವರೇ 1925ರಿಂದ 1929ರ ವರೆಗೆ ಮಹಾಸಂಘದ ಪ್ರಧಾನ ಕಾರ್ಯದರ್ಶಿಗಳಾಗಿದ್ದರು.

ಆದರೆ ಮಹನೀಯರೇ, ಇಂಥ ಮಹಾಸಂಘದ ಬಲವೆಲ್ಲ ಕಡ ತಂದ ಬಲ. ಅದರ ಸದಸ್ಯರು ಸಂಘಗಳು. ಕೂಲಿಕಾರನು ಸೇರಿರುವದು ತನ್ನ ಊರಿನ ಸಂಘವನ್ನು. ಅಂಗಸಂಘಗಳು ಕೊಟ್ಟ ವರ್ಗಣಿಯೇ ಅದರ ಬೊಕ್ಕಸ. ಅವು ಕಳಿಸಿದ ಪ್ರತಿನಿಧಿಗಳೇ ಅದರ ಸಭೆ. ದೊಡ್ಡ ಸಂಘಕ್ಕೆ ಹೆಚ್ಚು ಮತ, ಸಣ್ಣದಕ್ಕೆ ಕಡಿಮೆ. ಈ ಕಡವನ್ನು ಹಿಂದಕ್ಕೆ ಕೇಳುವ ಅಧಿಕಾರವು ಕೊಟ್ಟವನಿಗೆ ಎಂದೆಂದಿಗೂ ಉಂಟು. ಈ ಮಾತನ್ನು ಮರೆತರೆ ಏನಾಗುವದೆಂಬದನ್ನು 1929ರ ನಾಗಪುರವು ಕಲಿಸಿತು.

ಆ ವರ್ಷದ ಅಧಿವೇಶನಕ್ಕೆ ಪಂಡಿತ ಜವಾಹರಲಾಲ ನೆಹರು ಅವರು ಅಧ್ಯಕ್ಷರು. ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಲು ಸರಕಾರವು ನೇಮಿಸಿದ ವ್ಹಿಟ್ಲೆ ಆಯೋಗವನ್ನು ಬಹಿಷ್ಕರಿಸಬೇಕೋ ಬೇಡವೋ? ಜಿನೀವದ ಪರಿಷತ್ತಿಗೆ ಪ್ರತಿನಿಧಿಗಳನ್ನು ಕಳಿಸಬೇಕೋ ಬೇಡವೋ? ಸಾಮ್ರಾಜ್ಯಶಾಹಿಯ ವಿರುದ್ಧ ನಿಂತ ಹೊರದೇಶದ ಸಂಸ್ಥೆಗಳೊಡನೆ ಕೂಡಬೇಕೋ ಬೇಡವೋ? ಬಹುಮತದವರು ಬಹಿಷ್ಕಾರದ ಕಡೆಗೆ ನಿಂತರು. ಅವರ ಕಡೆಗೂ ಕಾರಣಗಳಿದ್ದವು: ಅದೇ ಮಾರ್ಚಿನಲ್ಲಿ ಅವರ ಎಷ್ಟೋ ಜನ ಮುಂದಾಳುಗಳನ್ನು ಮೀರತ ಮೊಕದ್ದಮೆಗಾಗಿ ಸೆರೆಹಿಡಿದಿದ್ದರು. ಬಂಧಿಸುವ ಕೈಯೇ ಕ್ಷೇಮವನ್ನು ವಿಚಾರಿಸಲು ಬಂದರೆ ಯಾರಿಗೆ ಸಿಟ್ಟು ಬಾರದು? ಅಲ್ಪಮತದವರಿಗೂ ಕಾರಣಗಳಿದ್ದವು: ಜೋಶಿಯವರೂ ದಿವಾನ ಚಮನಲಾಲರೂ ಆ ಆಯೋಗದ ಸದಸ್ಯರೇ ಆಗಿದ್ದರು; ಸಿಕ್ಕ ಬಾಗಿಲಿನಿಂದ ಒಳಹೊಕ್ಕು ಕೂಲಿಕಾರನ ಅಹವಾಲನ್ನು ಹೇಳಲೇಬೇಕೆಂಬದು ಅವರ ನಿಲುವು. ಮತ ಎಣಿಸಿದರು, ಗೆದ್ದವರು ಗೆದ್ದರು, ಸೋತವರು ಎದ್ದು ಹೊರನಡೆದರು. ಹೊರಬಂದು ಬೇರೆಯೊಂದು ಒಕ್ಕೂಟವನ್ನು ಕಟ್ಟಿದವರಲ್ಲಿ ಶ್ರೀ ವಿ. ವಿ. ಗಿರಿಯವರೂ, ಮಂಗಳೂರಿನಲ್ಲಿ ಹುಟ್ಟಿ ಮದ್ರಾಸಿನ ಕಾರ್ಮಿಕರಲ್ಲಿ ದುಡಿದ ಶ್ರೀ ಬೆನಗಲ್ ಶಿವರಾಯರೂ ಇದ್ದರು. 1931ರಲ್ಲಿ ಕಲಕತ್ತೆಯಲ್ಲಿ, ಸುಭಾಷಚಂದ್ರ ಬೋಸರು ಅಧ್ಯಕ್ಷರಾಗಿದ್ದ ಅಧಿವೇಶನದಲ್ಲಿ, ಉಳಿದ ಮನೆಯೂ ಮತ್ತೆ ಒಡೆಯಿತು.

ಈ ಒಡಕಿನ ಸಮಯವಾದರೂ ಎಂಥದು! ಜಗತ್ತಿನ ವ್ಯಾಪಾರವೆಲ್ಲ ಕುಗ್ಗಿ ಗಿರಣಿಗಳಲ್ಲಿ ಕೂಲಿಯನ್ನು ಕಡಿಯುತ್ತಿದ್ದ ಸಮಯ. ಆಯೋಗವು 1931ರಲ್ಲಿ ವರದಿಯನ್ನು ಒಪ್ಪಿಸಿತು. ಅದರ ಫಲವಾಗಿ 1936ರಲ್ಲಿ ಸಂಬಳದ ಪಾವತಿಯ ಕಾಯಿದೆಯು ಬಂದು, ಮನಸ್ವಿಯಾಗಿ ದಂಡ ಹಾಕುವ ಮಾಲಕನ ಕೈಯನ್ನು ಕಟ್ಟಿತು. ರೂಪಾಯಿಗೆ ಅರ್ಧ ಆಣೆಗಿಂತ ಹೆಚ್ಚು ದಂಡ ಕೂಡದೆಂದಿತು. ಅರ್ಧ ಆಣೆಯು ನಮಗೆ ಅಲ್ಪವಾಗಿ ತೋರಬಹುದು. ತಿಂಗಳ ಕೊನೆಗೆ ದಂಡ ಮುರಿದುಕೊಂಡ ಸಂಬಳವನ್ನು ಮನೆಗೆ ಒಯ್ಯುತ್ತಿದ್ದವನಿಗೆ ಅದು ಅಲ್ಪವಾಗಿರಲಿಲ್ಲ. ಇಂಥ ಕಾಯಿದೆಗಳನ್ನು ಬರೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರ ಕಡೆಯಿಂದ ಒಂದು ದನಿಯಿರಬೇಕಾದಲ್ಲಿ ಮೂರು ದನಿಗಳಿದ್ದವು. ಮೂರೂ ಒಂದನ್ನೊಂದು ಅಲ್ಲಗಳೆಯುತ್ತಿದ್ದವು. ನಿಮ್ಮ ನಿಜವಾದ ಪ್ರತಿನಿಧಿ ಯಾರೆಂದು ಕೇಳಿ ಸುಮ್ಮನಿರುವದು ಅಧಿಕಾರದಲ್ಲಿದ್ದವರಿಗೆ ಬಲು ಸುಲಭವಾಯಿತು.

ಒಡೆದದ್ದು ನಾಗಪುರದಲ್ಲಿ, ಬೆಸುಗೆಯೂ ನಾಗಪುರದಲ್ಲಿಯೇ ಆಯಿತು. 1931ರಲ್ಲಿ ಹೊರಗೆ ಹೋದವರು 1935ರಲ್ಲಿ ತಿರುಗಿ ಬಂದರು. 1938ರಲ್ಲಿ ಗಿರಿಯವರು ಹಾಕಿಕೊಟ್ಟ ಯೋಜನೆಯ ಮೇರೆಗೆ 1929ರಲ್ಲಿ ಹೋದವರ ಒಕ್ಕೂಟವೂ ಮಹಾಸಂಘದೊಡನೆ ಕೂಡಿತು. ಅದರ ಕರಾರುಗಳನ್ನು ತಾವು ಲಕ್ಷ್ಯಕೊಟ್ಟು ಕೇಳಬೇಕು. ಮಹಾಸಂಘದ ಮಂಡಲದಲ್ಲಿ ಎರಡೂ ಪಕ್ಷಗಳಿಗೆ ಸಮಸಮ ಸ್ಥಾನ. ರಾಜಕೀಯದ ಪ್ರಶ್ನೆಗಳನ್ನೂ ಸಂಪಿನ ಪ್ರಶ್ನೆಗಳನ್ನೂ ಬರಿಯ ಬಹುಮತದಿಂದ ತೀರ್ಮಾನಿಸಕೂಡದು. ನಾಲ್ಕರಲ್ಲಿ ಮೂರು ಪಾಲು ಮತ ಬೀಳಬೇಕು. ಈ ನೆಲೆಯ ಮೇಲೆ ಎರಡು ವರ್ಷ ಒಟ್ಟಿಗೆ ನಡೆದು, 1940ರಲ್ಲಿ ಎರಡೂ ಪೂರ್ಣವಾಗಿ ಒಂದಾದವು. ಜೋಶಿಯವರು ಮತ್ತೆ ಪ್ರಧಾನ ಕಾರ್ಯದರ್ಶಿಗಳಾದರು. ಈ ಗಿರಿಯವರೇ ಮುಂದೆ 1965ರಿಂದ 1967ರ ವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿಯೂ 1969ರಲ್ಲಿ ರಾಷ್ಟ್ರಪತಿಗಳಾಗಿಯೂ ಆದವರು.

ಮೂರು ಪಾಲಿನ ಈ ನಿಯಮವು ಕೈಗೆ ಕೋಳವಲ್ಲವೇ, ಬೇಗನೆ ನಿರ್ಣಯಿಸಲಾರದ ಸಂಸ್ಥೆಯಿಂದ ಏನು ಪ್ರಯೋಜನವೆಂದು ತಾವು ಕೇಳಬಹುದು. ಪ್ರಶ್ನೆಯು ಯೋಗ್ಯವಾದದ್ದೇ. ಆದರೆ ಸಂಪು ಆರಂಭವಾದಾಗ ಒಲೆ ಆರುವದು ಮಂಡಲದ ಸಭೆಯಲ್ಲಿ ಕೈಯೆತ್ತಿದವನ ಮನೆಯಲ್ಲಿ ಅಲ್ಲ. ಅಂಗಸಂಘದ ಕೂಲಿಕಾರನ ಮನೆಯಲ್ಲಿ. ಅವನ ಹಸಿವನ್ನು ಪಣಕ್ಕೆ ಒಡ್ಡುವವರು ಅವನ ಸಮ್ಮತಿಯನ್ನು ಸಂದೇಹಕ್ಕೆಡೆಯಿಲ್ಲದಂತೆ ಪಡೆದಿರಬೇಕು. ನೂರರಲ್ಲಿ ಐವತ್ತೊಂದು ಜನರ ಮಾತಿನಿಂದ ಕಾಯಿದೆಯಾದೀತು, ಏಕೆಂದರೆ ಅದರ ಹಿಂದೆ ಪೋಲೀಸರಿದ್ದಾರೆ. ಮಹಾಸಂಘದ ಹಿಂದೆ ಪೋಲೀಸರಿಲ್ಲ. ಮನಸ್ಸುಗಳು ಮಾತ್ರ ಇವೆ. ಉಳಿದ ನಾಲ್ವತ್ತೊಂಬತ್ತು ಮನಸ್ಸುಗಳನ್ನು ಸೋಲಿಸಿ ಅದು ಗಳಿಸುವದೇನೂ ಇಲ್ಲ; ಅವು ಎದ್ದು ಹೋದರೆ ಅರ್ಧ ದನಿಯೇ ಹೋದಂತೆ.

ಆ ಐಕ್ಯವು ಶಾಶ್ವತವಾಯಿತೆಂದು ಹೇಳಿ ತಮ್ಮನ್ನು ಸಂತೋಷಪಡಿಸಲಾರೆನು. 1941ರಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಒಂದು ಗುಂಪು ಬೇರೆಯಾಯಿತು; 1946ರಲ್ಲಿ ಯಾರು ಹೆಚ್ಚು ಕಾರ್ಮಿಕರ ಪ್ರತಿನಿಧಿಗಳೆಂದು ಸರಕಾರವು ಲೆಕ್ಕ ತೆಗೆಯಬೇಕಾಯಿತು. 1947ರಲ್ಲಿ ರಾಷ್ಟ್ರೀಯ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು, 1948ರಲ್ಲಿ ಹಿಂದ್ ಮಜದೂರ ಸಭೆ, 1955ರಲ್ಲಿ ಭಾರತೀಯ ಮಜದೂರ ಸಂಘ, 1970ರಲ್ಲಿ ಸಿಟು, ಹೀಗೆ ಮನೆಗಳು ಹಲವಾದವು. ಪ್ರತಿಯೊಂದಕ್ಕೂ ತನ್ನ ತತ್ತ್ವವುಂಟು, ತ್ಯಾಗವುಂಟು. ಆದರೆ 1919ರ ಕುರ್ಚಿಯ ಪ್ರಶ್ನೆಯು ಇವೆಲ್ಲವುಗಳ ಮುಂದೆಯೂ ಹಾಗೆಯೇ ನಿಂತಿದೆ: ನಿನ್ನನ್ನು ಕಳಿಸಿದವರು ಯಾರು? ಅವರು ಇಂದಿಗೂ ನಿನ್ನ ಹಿಂದೆ ಇದ್ದಾರೆಯೇ?

ಉಪಾಧ್ಯಾಯ ಬಂಧುಗಳೇ, ಈ ಮಾತು ಗಿರಣಿಯವರಿಗಷ್ಟೇ ಸಂಬಂಧಿಸಿದ್ದೆಂದು ತಿಳಿಯಬೇಡಿರಿ. ತಾವೂ ಸಂಘ ಕಟ್ಟುವವರು. ತಮ್ಮ ಸಂಘವೂ ಮೇಲಿನ ಮಂಡಲಕ್ಕೆ ಪ್ರತಿನಿಧಿಯನ್ನು ಕಳಿಸುವಂಥದು. ಮಂಡಲವು ನಮಗೇನು ಮಾಡಿತೆಂದು ಕೇಳುವದಕ್ಕೆ ಮೊದಲು ನಾವು ಮಾಡಬೇಕಾದವು ಮೂರುಂಟು. ಸದಸ್ಯರ ಪಟ್ಟಿಯನ್ನು ಉಬ್ಬಿಸದೆ ಇದ್ದಷ್ಟನ್ನೇ ಬರೆದು ಕಳಿಸಬೇಕು; ಸುಳ್ಳು ಲೆಕ್ಕದಿಂದ ಗೆದ್ದ ಮತಕ್ಕೆ ಸಂಕಟದ ದಿನ ಯಾರೂ ಓಗೊಡುವದಿಲ್ಲ. ವರ್ಗಣಿಯನ್ನು ಕಾಲಕ್ಕೆ ಸರಿಯಾಗಿ ಕೊಡಬೇಕು. ಖರ್ಚನ್ನು ಪರರಿಂದ ಪಡೆದ ಪ್ರತಿನಿಧಿಯು ಮಾತನ್ನೂ ಪರರಿಂದಲೇ ಪಡೆಯುವನು. ಕಡೆಯದಾಗಿ, ಕಳಿಸಿದ ಪ್ರತಿನಿಧಿಯು ತಿರುಗಿ ಬಂದಾಗ ಅವನನ್ನು ಕೂಡ್ರಿಸಿಕೊಂಡು ಅಲ್ಲಿ ಏನು ಹೇಳಿದೆ, ಯಾರ ಪರವಾಗಿ ಕೈಯೆತ್ತಿದೆ, ಏತಕ್ಕೆಂದು ಕೇಳಬೇಕು. ಹಾಗೆ ಕೇಳುವವರಿರುವ ವರೆಗೆ ಮಾತಿನ ಮನೆಗೆ ಬೆಲೆಯುಂಟು. ಹಾರ ಹಾಕಿ ಕಳಿಸಿ ಮರೆತುಬಿಟ್ಟರೆ ಅವನು ಯಾರ ಪ್ರತಿನಿಧಿಯೂ ಆಗಿ ಉಳಿಯುವದಿಲ್ಲ.