ಅಡುಗೆಮನೆಯ ಹೊಗೆ



ಮನೆಯ ಶುಚಿತ್ವವನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ನೆಲವನ್ನು ನೋಡುತ್ತಾರೆ. ಅಡುಗೆಮನೆಯ ತೊಲೆಗಳನ್ನು ನೋಡುವವರು ವಿರಳ. ತೊಲೆಗೆ ಹತ್ತಿದ ಮಸಿಯು, ಅದೇ ಹೊಗೆಯನ್ನು ಗೃಹಿಣಿಯೂ ಅವಳ ಮಗ್ಗುಲಿನ ಕೂಸೂ ದಿನವೂ ಉಸಿರಾಡಿರುವರೆಂಬುದಕ್ಕೆ ಸಾಕ್ಷಿ.

ಹೊಗೆಯೆಂದರೆ ಪೂರ್ತಿಯಾಗಿ ಉರಿಯದ ಸೌದೆಯೇ. ಆದುದರಿಂದ ಅದು ಹೆಚ್ಚಿದಷ್ಟೂ ಶ್ವಾಸಕೋಶಕ್ಕೂ ನಷ್ಟ, ಕಾಡಿಗೂ ನಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ರೂಪಿಸಿದ ಒಲೆಯು ಒಂದೇ ಉರಿಯನ್ನು ಮೂರು ಪಾತ್ರೆಗಳಿಗೆ ಒದಗಿಸಿ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನ ಹೊರಕ್ಕೆ ಒಯ್ಯುತ್ತದೆ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆಯು ಮರಳಿ ಮನೆಗೇ ಬರುವುದು; ಅದನ್ನು ಆಗಾಗ ತೆಗೆಯುತ್ತಿರಬೇಕು.

ಅನಿಲದ ಒಲೆಯುಳ್ಳವರೂ ಗವಾಕ್ಷಿಯನ್ನು ಮುಚ್ಚಬಾರದು. ಚಳಿಗೆ ಹೆದರಿ, ಕದವಿಕ್ಕಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗುವುದಂತೂ ಪ್ರಾಣಾಪಾಯ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುವವರನ್ನು ಅದು ಎಚ್ಚರಿಸದೆಯೇ ಕೊಲ್ಲಬಲ್ಲದು.

ಒಣಗಿದ ಸೌದೆ, ಶುದ್ಧವಾದ ಕೊಳವೆ, ತೆರೆದ ಗವಾಕ್ಷಿ: ಇವಕ್ಕೆ ತಗಲುವ ವೆಚ್ಚ ಅಲ್ಪ. ಮನೆಯ ಯಜಮಾನರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಅಡುಗೆಯ ಹೊತ್ತಿನಲ್ಲಿ ಒಂದು ದಿನ ಅರ್ಧ ಗಂಟೆ ಒಲೆಯ ಮುಂದೆ ಕುಳಿತುನೋಡಿರಿ. ಉಳಿದುದನ್ನು ನಿಮ್ಮ ಕಣ್ಣುಗಳೇ ಹೇಳುವುವು.